ಹೆಸರು ಎರಡು, ಗುಳಿಗೆ ಒಂದೇ

ನೂಲದವರಿಗೆ ದವಾಖಾನೆಯ ದಾರಿ ಎರಡು. ಒಂದು ಗಡಹಿಂಗ್ಲಜಕ್ಕೆ, ಇನ್ನೊಂದು ಗಡಿ ದಾಟಿ ಸಂಕೇಶ್ವರಕ್ಕೆ. ಮೊಣಕಾಲು ನೋವಿಗೆ ಒಂದು ಕಡೆ ತೋರಿಸಿ, ಗುಣ ಕಾಣದಿದ್ದರೆ ಇನ್ನೊಂದು ಕಡೆ ತೋರಿಸುವುದು ನಮ್ಮ ಭಾಗದಲ್ಲಿ ಹೊಸದೇನಲ್ಲ. ಆದರೆ ಎರಡೂ ಕಡೆಯ ಗುಳಿಗೆಗಳು ಮನೆಯ ಒಂದೇ ಡಬ್ಬಿಗೆ ಬಿದ್ದಾಗ ಏನಾಗುತ್ತದೆ? ಇವತ್ತಿನ ಮಾತು ಅದರ ಬಗ್ಗೆ.

ರೊಟ್ಟಿ ಎನ್ನಿ, ಭಾಕರಿ ಎನ್ನಿ, ಹೊಟ್ಟೆಗೆ ಹೋಗುವುದು ಒಂದೇ. ನೋವಿನ ಗುಳಿಗೆಯೂ ಹಾಗೆಯೇ. ಕಂಪನಿ ಇಟ್ಟ ಹೆಸರು ಬೇರೆ, ಒಳಗಿನ ಔಷಧದ ಹೆಸರು ಬೇರೆ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್, ಆಸ್ಪಿರಿನ್ ಇವೆಲ್ಲ ಒಂದೇ ಕುಲದವು. ಎರಡನ್ನು ಕೂಡಿಸಿ ನುಂಗಿದರೆ ನೋವು ಇಮ್ಮಡಿ ಬೇಗ ಹೋಗುವುದಿಲ್ಲ. ಅಪಾಯ ಮಾತ್ರ ಹೆಚ್ಚುತ್ತದೆ.

ಏಕೆ? ನಮ್ಮ ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ತಯಾರಾಗುತ್ತವೆ. ಬಾವು, ನೋವು ಹುಟ್ಟಿಸುವವು ಅವೇ. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವವೂ ಅವೇ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವವೂ ಅವೇ. ಈ ಗುಳಿಗೆಗಳು ಅವುಗಳ ತಯಾರಿಕೆಯನ್ನೇ ತಡೆಯುತ್ತವೆಂದು ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ನೋವು ನಿಲ್ಲುವಾಗ ಕಾವಲೂ ಸಡಿಲವಾಗುತ್ತದೆ. ಹೊಟ್ಟೆಯಲ್ಲಿ ಹುಣ್ಣಾಗಬಹುದು, ರಕ್ತ ಸೋರಬಹುದು. ಗುಳಿಗೆಯ ಬದಲು ಸೂಜಿ ಮಾಡಿಸಿಕೊಂಡರೆ ಹೊಟ್ಟೆಗೆ ತೊಂದರೆಯಿಲ್ಲ ಎಂಬ ಮಾತೂ ಸರಿಯಲ್ಲ. ಔಷಧ ರಕ್ತದ ಮೂಲಕವೂ ಅದೇ ಕೆಲಸ ಮಾಡುತ್ತದೆ.

ಮೂತ್ರಪಿಂಡದ ಮಾತು ಕಬ್ಬು ಕಡಿಯುವವರು ಗಮನವಿಟ್ಟು ಕೇಳಬೇಕು. ದಿನವಿಡೀ ಬಿಸಿಲಲ್ಲಿ ಬೆವರು ಸುರಿಸಿ, ನೀರು ಕುಡಿಯದೆ, ಸಂಜೆ ಸೊಂಟ ನೋವಿಗೆಂದು ಗುಳಿಗೆ ನುಂಗಿದರೆ ಮೊದಲೇ ಒಣಗಿದ ಮೂತ್ರಪಿಂಡಕ್ಕೆ ರಕ್ತ ಇನ್ನೂ ಕಡಿಮೆಯಾಗುತ್ತದೆ. ರಕ್ತದೊತ್ತಡದ ಕೆಲವು ಗುಳಿಗೆಗಳೊಂದಿಗೆ ಈ ಅಪಾಯ ಮತ್ತೂ ಹೆಚ್ಚು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕನ್ನು ಸರ್ಕಾರ 2006ರಲ್ಲಿ ನಿಲ್ಲಿಸಿದ್ದು ನೆನಪಿರಬಹುದು. ಆ ಔಷಧವಿದ್ದ ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ಮನುಷ್ಯರು ಹದ್ದಿನಷ್ಟು ಸೂಕ್ಷ್ಮವಲ್ಲ, ನಿಜ. ಆದರೆ ಪೆಟ್ಟು ಬೀಳುವ ಜಾಗ ಅದೇ.

ಹೊಟ್ಟೆಹುಣ್ಣು, ಹೃದಯರೋಗ, ಮೂತ್ರಪಿಂಡದ ತೊಂದರೆ, ದಮ್ಮು ಇದ್ದವರು, ವಯಸ್ಸಾದವರು, ಬಸಿರು ಹೆಂಗಸರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದು 2011ರಿಂದ ನಿಷಿದ್ಧ. ಡೆಂಗಿ ಇರಬಹುದೆಂಬ ಜ್ವರದಲ್ಲಿ ಈ ಕುಲದ ಗುಳಿಗೆ ಬೇಡವೇ ಬೇಡ, ರಕ್ತಸ್ರಾವದ ಭಯವಿದೆ. ಆದರೆ ಹೃದಯಕ್ಕೆಂದು ವೈದ್ಯರು ಬರೆದುಕೊಟ್ಟ ಸಣ್ಣ ಆಸ್ಪಿರಿನ್ ಗುಳಿಗೆಯನ್ನು ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ.

ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಮುಖ ಕಾಲು ಊದಿದರೆ, ಎದೆ ನೋವು ಬಂದರೆ ಬೆಳಗಾಗಲೆಂದು ಕಾಯದೆ ದವಾಖಾನೆಗೆ ಹೋಗಿ.

ಇಷ್ಟು ಹೇಳಿದ್ದು ಹೆದರಿಸಲಿಕ್ಕಲ್ಲ. ವೈದ್ಯರು ಹೇಳಿದಷ್ಟೇ, ಊಟವಾದ ಮೇಲೆ, ಕೆಲವೇ ದಿನ ತೆಗೆದುಕೊಂಡರೆ ಬಹಳ ಜನರಿಗೆ ಇವುಗಳಿಂದ ಉಪಕಾರವೇ ಆಗುತ್ತದೆ. ಮುಂದಿನ ಸಲ ಯಾವ ಊರಿನ ವೈದ್ಯರಲ್ಲಿಗೆ ಹೋದರೂ ಮನೆಯ ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಎಲ್ಲ ಗುಳಿಗೆಗಳನ್ನೂ ಮೇಜಿನ ಮೇಲಿಟ್ಟು ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಕೇಳಿರಿ: “ಇವುಗಳಲ್ಲಿ ನೋವಿನ ಔಷಧ ಎಷ್ಟಿವೆ? ಯಾವುದನ್ನು ಬಿಡಲಿ?”