ಲಾರೆನ್ ಹ್ಯಾರಿಸ್

ಲಾರೆನ್ ಸ್ಟೀವರ್ಟ್ ಹ್ಯಾರಿಸ್ (ಅಕ್ಟೋಬರ್ 23, 1885 – ಜನವರಿ 29, 1970) ಕೆನಡಾದ ಆಧುನಿಕ ಚಿತ್ರಕಲೆಯ ಪ್ರವರ್ತಕರಲ್ಲಿ ಒಬ್ಬರು. ‘ಗ್ರೂಪ್ ಆಫ್ ಸೆವೆನ್’ ಎಂಬ ಏಳು ಚಿತ್ರಕಾರರ ಬಳಗವನ್ನು ಕಟ್ಟುವುದರಲ್ಲಿ ಮುಂದಾಳಾಗಿದ್ದವರು. ಸರೋವರ ಮತ್ತು ಹಿಮಪರ್ವತಗಳ ನಿಸರ್ಗಚಿತ್ರಗಳಿಂದ ಹೆಸರಾದ ಇವರು ಐವತ್ತರ ವಯಸ್ಸಿನ ಹೊತ್ತಿಗೆ ಅಮೂರ್ತ ಕಲೆಗೆ ಹೊರಳಿದರು. ಇದನ್ನು ಹಠಾತ್ ಬದಲಾವಣೆಯೆಂದು ಭಾವಿಸುವವರುಂಟು. ಆದರೆ ಚಿತ್ರಗಳನ್ನು ಕಾಲಾನುಕ್ರಮದಲ್ಲಿ ನೋಡಿದರೆ, ಅನಾವಶ್ಯಕವಾದುದನ್ನು ಒಂದೊಂದಾಗಿ ಕಳಚುತ್ತ ಹೋದ ಒಂದೇ ಸಾಧನೆ ಅದು ಎಂಬುದು ತಿಳಿಯುತ್ತದೆ.

ಆರಂಭದ ವರ್ಷಗಳು

ಹ್ಯಾರಿಸ್ ಜನಿಸಿದ್ದು ಒಂಟಾರಿಯೊ ಪ್ರಾಂತ್ಯದ ಬ್ರಾಂಟ್‌ಫರ್ಡ್‌ನಲ್ಲಿ. ಕೃಷಿಯಂತ್ರಗಳನ್ನು ತಯಾರಿಸುತ್ತಿದ್ದ ಮ್ಯಾಸಿ-ಹ್ಯಾರಿಸ್ ಸಂಸ್ಥೆಯ ಒಡೆತನದಲ್ಲಿ ಪಾಲಿದ್ದ ಶ್ರೀಮಂತ ಕುಟುಂಬವಾದ್ದರಿಂದ ಅವರು ಹೊಟ್ಟೆಪಾಡಿಗಾಗಿ ಚಿತ್ರ ಬರೆಯಬೇಕಾಗಿರಲಿಲ್ಲ. 1904ರಿಂದ 1908ರವರೆಗೆ ಬರ್ಲಿನ್‌ನಲ್ಲಿ ಕಲಾಭ್ಯಾಸ ಮಾಡಿದರು. 1913ರಲ್ಲಿ ಗೆಳೆಯ ಜೆ. ಇ. ಎಚ್. ಮೆಕ್‌ಡೊನಾಲ್ಡ್ ಅವರೊಡನೆ ಅಮೆರಿಕದ ಬಫಲೊ ನಗರದಲ್ಲಿ ಸ್ಕ್ಯಾಂಡಿನೇವಿಯಾದ ಚಿತ್ರಗಳ ಪ್ರದರ್ಶನವನ್ನು ಕಂಡರು. ಹಿಮ, ಪೈನ್ ಮರ, ನಿಶ್ಚಲ ನೀರು ಇವೆಲ್ಲ ತಮ್ಮ ನಾಡಿನಲ್ಲೂ ಇವೆಯಲ್ಲ, ನಾವೇಕೆ ಯುರೋಪಿನ ಹಳ್ಳಿಗಳನ್ನು ಅನುಕರಿಸಬೇಕು ಎಂಬ ವಿಚಾರ ಅಲ್ಲಿ ಬಲವಾಯಿತು. ಮರುವರ್ಷ ಡಾ. ಜೇಮ್ಸ್ ಮೆಕ್‌ಕ್ಯಾಲಮ್ ಅವರೊಂದಿಗೆ ಸೇರಿ ಟೊರಾಂಟೊದಲ್ಲಿ ಕಲಾವಿದರಿಗಾಗಿ ‘ಸ್ಟುಡಿಯೊ ಬಿಲ್ಡಿಂಗ್’ ಕಟ್ಟಿಸಿದರು. ಬಳಗದ ಮೊದಲ ಪ್ರದರ್ಶನ ನಡೆದುದು 1920ರ ಮೇ ತಿಂಗಳಲ್ಲಿ.

ಹಿಮದ ನಿಸರ್ಗಗಳನ್ನಷ್ಟೇ ಬಲ್ಲವರು ಅವರ ನಗರಚಿತ್ರಗಳನ್ನು ಮರೆಯುತ್ತಾರೆ. ಟೊರಾಂಟೊದ ಬಡವರ ಕೇರಿಗಳನ್ನು ಅವರು ಮತ್ತೆ ಮತ್ತೆ ಚಿತ್ರಿಸಿದರು. ‘ಗಣಿ ಕಾರ್ಮಿಕರ ಮನೆಗಳು, ಗ್ಲೇಸ್ ಬೇ’ (ಸುಮಾರು 1925) ಎಂಬ ಚಿತ್ರದಲ್ಲಿ ಕಪ್ಪು ಮನೆಗಳು ಗೋರಿಕಲ್ಲುಗಳ ಸಾಲಿನಂತೆ ನಿಂತಿವೆ.

ಸುಪೀರಿಯರ್ ಸರೋವರ

1921ರಲ್ಲಿ ಎ. ವೈ. ಜಾಕ್ಸನ್ ಅವರೊಡನೆ ಸುಪೀರಿಯರ್ ಸರೋವರದ ಉತ್ತರ ದಂಡೆಗೆ ಹೋದದ್ದು ಅವರ ಕಲೆಗೆ ತಿರುವು ನೀಡಿತು. ಸರೋವರವೆಂದು ಕರೆದರೂ ಇದು ದಡವೇ ಕಾಣದಷ್ಟು ವಿಶಾಲ. ಕಾಳ್ಗಿಚ್ಚಿಗೆ ಸಿಕ್ಕ ಕಾಡಿನಲ್ಲಿ ಎಲೆಗಳ ಮರೆಯಿಲ್ಲದೆ ಬೆಟ್ಟಗಳ ಮೈಕಟ್ಟು ಬಯಲಾಗಿತ್ತು. ಅದುವರೆಗೆ ದಪ್ಪ ಬಣ್ಣದಲ್ಲಿ ಎಲೆ, ಹಿಮಗಳನ್ನು ಮೂಡಿಸುತ್ತಿದ್ದ ಕುಂಚ ಇಲ್ಲಿ ನಯವಾಯಿತು. ಬಣ್ಣಗಳು ನೀಲಿ, ಬಿಳಿ, ಕಂದುಗಳಿಗೆ ಇಳಿದವು. ‘ಉತ್ತರ ದಂಡೆ, ಸುಪೀರಿಯರ್ ಸರೋವರ’ (1926) ಚಿತ್ರದಲ್ಲಿರುವುದು ನಡುವೆ ನಿಂತ ಒಂದು ಸತ್ತ ಮರದ ಬೊಡ್ಡೆ, ಅದರ ಹಿಂದೆ ನೀರು, ಮೇಲೆ ಬೆಳಕು, ಇಷ್ಟೇ. ಆದರೂ ಆ ಬೊಡ್ಡೆಯ ನಿಲುವಿನಲ್ಲಿ ಒಂದು ಘನತೆಯಿದೆ. ಮುಂದೆ ರಾಕಿ ಪರ್ವತಗಳನ್ನೂ, 1930ರಲ್ಲಿ ಜಾಕ್ಸನ್ ಅವರೊಡನೆ ಹಡಗಿನಲ್ಲಿ ಹೋಗಿ ಆರ್ಕ್‌ಟಿಕ್ ಪ್ರದೇಶವನ್ನೂ ಚಿತ್ರಿಸಿದರು. ‘ಮೌಂಟ್ ಲೆಫ್ರಾಯ್’ (1930) ಚಿತ್ರದಲ್ಲಿ ಪರ್ವತವು ಬಹುಮಟ್ಟಿಗೆ ಜ್ಯಾಮಿತಿಯ ಆಕೃತಿಯೇ ಆಗಿದೆ.

ಥಿಯೊಸಫಿ ಮತ್ತು ಅಮೂರ್ತತೆ

ಹ್ಯಾರಿಸ್ ಥಿಯೊಸಫಿಯ ಅನುಯಾಯಿ. ಚೆನ್ನೈನ ಅಡ್ಯಾರ್‌ನಲ್ಲಿ ಕೇಂದ್ರ ಕಚೇರಿಯುಳ್ಳ, ಆನಿ ಬೆಸೆಂಟ್ ಅವರು ಅಧ್ಯಕ್ಷೆಯಾಗಿದ್ದ ಥಿಯೊಸಾಫಿಕಲ್ ಸೊಸೈಟಿಯ ಟೊರಾಂಟೊ ಶಾಖೆಯ ಸದಸ್ಯರಾಗಿದ್ದರು. ಬೆಸೆಂಟ್ ಮತ್ತು ಲೆಡ್‌ಬೀಟರ್ ತಮ್ಮ ‘ಥಾಟ್-ಫಾರ್ಮ್ಸ್’ ಗ್ರಂಥದಲ್ಲಿ ನೀಲಿಯನ್ನು ಭಕ್ತಿಗೂ ಹಳದಿಯನ್ನು ಬುದ್ಧಿಗೂ ಹೊಂದಿಸಿದ್ದರು. ಹ್ಯಾರಿಸರ ನೀಲಿ ನೆರಳು, ಹಳದಿ ಬೆಳಕುಗಳನ್ನು ವಿಮರ್ಶಕರು ಈ ಹಿನ್ನೆಲೆಯಲ್ಲಿ ಓದುವುದುಂಟು. ಆದರೆ ಅಂಥ ಕೋಷ್ಟಕವನ್ನು ಕೈಯಲ್ಲಿ ಹಿಡಿದು ಪ್ರತಿ ಚಿತ್ರವನ್ನೂ ಬಿಡಿಸಹೊರಟರೆ ಚಿತ್ರವೇ ಕಳೆದುಹೋಗುತ್ತದೆ.

1934ರಲ್ಲಿ ಬೆಸ್ ಹೌಸರ್ ಅವರನ್ನು ಮರುವಿವಾಹವಾಗಿ ಅಮೆರಿಕದ ಹ್ಯಾನೊವರ್‌ಗೆ ತೆರಳಿದ ನಂತರ ಅವರು ಅಮೂರ್ತ ಚಿತ್ರಗಳಿಗೆ ಪೂರ್ಣವಾಗಿ ತೊಡಗಿದರು. ಬಳಿಕ ಸಾಂಟಾ ಫೆಯಲ್ಲಿ ‘ಟ್ರಾನ್ಸೆಂಡೆಂಟಲ್ ಪೇಂಟಿಂಗ್ ಗ್ರೂಪ್’ ಜೊತೆಗಿದ್ದು, 1940ರಲ್ಲಿ ವ್ಯಾಂಕೂವರ್‌ನಲ್ಲಿ ನೆಲೆಸಿದರು. ಈ ಘಟ್ಟದ ಚಿತ್ರಗಳಲ್ಲೂ ಶಿಖರದ ತ್ರಿಕೋನ, ಮೇಲಿನಿಂದ ಇಳಿಯುವ ಬೆಳಕು ಇವುಗಳ ನೆನಪು ಉಳಿದಿದೆ. ಸ್ಥಳದ ಹೆಸರು ಮಾತ್ರ ಇಲ್ಲ.

ವಿಮರ್ಶೆ

ಅವರ ಉತ್ತರದ ಚಿತ್ರಗಳಲ್ಲಿ ಮನುಷ್ಯರು ಇಲ್ಲವೆನ್ನುವಷ್ಟು ವಿರಳ. ವಾಸ್ತವದಲ್ಲಿ ಸುಪೀರಿಯರ್ ದಂಡೆ ಅನಿಶಿನಾಬೆ ಮೂಲನಿವಾಸಿಗಳ ನೆಲ; ಅಲ್ಲಿ ರೈಲುದಾರಿಯೂ ಹಾದುಹೋಗಿತ್ತು. ನಾಡನ್ನು ನಿರ್ಜನವೆಂದು ತೋರಿಸಿ ಮೂಲನಿವಾಸಿಗಳನ್ನು ಕಣ್ಮರೆ ಮಾಡಿದ ದೃಷ್ಟಿಯಿದು ಎಂಬ ಆಕ್ಷೇಪ ಇತ್ತೀಚಿನ ದಶಕಗಳಲ್ಲಿ ಪ್ರಬಲವಾಗಿದೆ. ಹ್ಯಾರಿಸರಿಗೆ ಆ ಶೂನ್ಯ ಧ್ಯಾನದ್ದಾಗಿತ್ತು ಎಂಬುದು ನಿಜ. ಆದರೆ ಗ್ಲೇಸ್ ಬೇಯ ಮನೆಗಳನ್ನು ಕಂಡ ಕಣ್ಣಿಗೆ ಇಲ್ಲಿನ ಜನ ಕಾಣಲಿಲ್ಲವೇ ಎಂಬ ಪ್ರಶ್ನೆಗೆ ಅದು ಉತ್ತರವಾಗದು.

ಕೃತಿಗಳು ಮತ್ತು ಸಂಗ್ರಹಗಳು

ಕೃತಿಯನ್ನು ಹೆಸರಿನಿಂದಲ್ಲ, ಗುಣದಿಂದ ಅಳೆಯಬೇಕೆಂದು ಹ್ಯಾರಿಸ್ ಒಂದು ಹಂತದಲ್ಲಿ ಸಹಿ, ದಿನಾಂಕಗಳನ್ನು ಹಾಕುವುದನ್ನೇ ಬಿಟ್ಟರು. ವಿಪರ್ಯಾಸವೆಂದರೆ 2016ರಲ್ಲಿ ಅವರ ‘ಮೌಂಟನ್ ಫಾರ್ಮ್ಸ್’ ಟೊರಾಂಟೊದ ಹರಾಜಿನಲ್ಲಿ ಸುಮಾರು 1 ಕೋಟಿ 12 ಲಕ್ಷ ಕೆನಡಾ ಡಾಲರುಗಳಿಗೆ ಮಾರಾಟವಾಯಿತು. ಪ್ರಮುಖ ಕೃತಿಗಳು ಒಟ್ಟಾವಾದ ನ್ಯಾಷನಲ್ ಗ್ಯಾಲರಿ, ಟೊರಾಂಟೊದ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊ ಮತ್ತು ಕ್ಲೈನ್‌ಬರ್ಗ್‌ನ ಮೆಕ್‌ಮೈಕಲ್ ಸಂಗ್ರಹದಲ್ಲಿವೆ. ಅವರ ಸಮಾಧಿಯೂ ಮೆಕ್‌ಮೈಕಲ್ ಆವರಣದಲ್ಲೇ ಇದೆ.