ಹಿತ್ತಲಿನ ದೂರದರ್ಶಕವೂ ಹಳ್ಳಿಯ ಇರುಳೂ

ಆಕಾಶದ ಛಾಯಾಚಿತ್ರವನ್ನು ತೆಗೆಯುವುದು ವೇಧಶಾಲೆಗಳ ಪಂಡಿತರಿಗೆ ಮಾತ್ರ ಸಾಧ್ಯವೆಂಬ ಭಾವನೆಯು ನಮ್ಮ ಜನರಲ್ಲಿ ಬೇರೂರಿರುವುದು. ಇದು ನಿರಾಧಾರವಾದುದು. ತುರುವೇಕೆರೆ ಸೀಮೆಯ ಸಂಪಿಗೆಯಲ್ಲಿ, ತೆಂಗಿನ ತೋಟದ ಮಗ್ಗುಲಿನ ಹಿತ್ತಲಲ್ಲಿ ನಿಂತು, ನಾಲ್ಕೈದು ಅಂಗುಲದ ದೂರದರ್ಶಕಕ್ಕೆ ಸಾಧಾರಣ ಕ್ಯಾಮರಾವೊಂದನ್ನು ಜೋಡಿಸಿ, ಆಯುಸ್ಸು ತೀರಿದ ನಕ್ಷತ್ರದ ಚಿತ್ರವನ್ನು ಯಾವ ತರುಣನಾದರೂ ತೆಗೆಯಬಹುದೆಂದು ನಾವು ಹೇಳುವೆವು.

ಇದಕ್ಕೆ ಗ್ರಹಾಕಾರ ನೀಹಾರಿಕೆಯೆಂದು ಹೆಸರು. ಗ್ರಹಕ್ಕೂ ಇದಕ್ಕೂ ಸಂಬಂಧವಿಲ್ಲ. ದುಂಡನೆಯ ಬಿಂಬವನ್ನು ಕಂಡು ವಿಲಿಯಂ ಹರ್ಷೆಲನು 18ನೆಯ ಶತಮಾನದಲ್ಲಿ ಇಟ್ಟ ಹೆಸರೇ ನಿಂತುಹೋಯಿತು. ಸೂರ್ಯನಂತಹ ನಕ್ಷತ್ರವು ಮುಪ್ಪಿನಲ್ಲಿ ಉಬ್ಬಿ ತನ್ನ ಹೊರಪದರಗಳನ್ನು ಕಳಚುವುದು. ಉಳಿದ ಉರಿಯುವ ತಿರುಳು ಆ ಅನಿಲವನ್ನು ಬೆಳಗಿಸುವುದು. 1864ರಲ್ಲಿ ವಿಲಿಯಂ ಹಗಿನ್ಸನು ಇಂತಹುದೊಂದರ ಬೆಳಕನ್ನು ಒಡೆದು ನೋಡಲಾಗಿ, ಗುರುತಿಲ್ಲದ ಹಸುರು ರೇಖೆಗಳು ಕಂಡವು. ಅವು ಆಮ್ಲಜನಕದವೆಂದು 1927ರಲ್ಲಿ ಬೋವೆನನು ತೋರಿಸುವವರೆಗೂ ಪಂಡಿತರು ಅಲ್ಲೊಂದು ಹೊಸ ಮೂಲವಸ್ತುವನ್ನೇ ಕಲ್ಪಿಸಿಕೊಂಡಿದ್ದರು!

ಹಿತ್ತಲೆಂದು ಹಗುರವಾಗಿ ಕಾಣುವವರು ಹಂಗೆರಿಯ ಯೆನೋ ಗೊಥಾರ್ಡನನ್ನು ನೆನೆಯಲಿ. ಹೆರೇನಿಯೆಂಬಲ್ಲಿ ತನ್ನ ಮನೆತನದ ಜಮೀನಿನಲ್ಲಿಯೇ ಕಟ್ಟಿಕೊಂಡಿದ್ದ ವೇಧಶಾಲೆಯಿಂದ 1886ರಲ್ಲಿ ಆತನು ಉಂಗುರ ನೀಹಾರಿಕೆಯ ಚಿತ್ರವನ್ನು ತೆಗೆದನು. ಕಣ್ಣಿಗೆ ಬಲು ಕಷ್ಟದಿಂದ ಕಾಣುವ ನಡುವಣ ನಕ್ಷತ್ರವು ಆತನ ಗಾಜಿನ ಫಲಕದ ಮೇಲೆ ಮೂಡಿತ್ತು.

ನಮ್ಮ ತರುಣರು ಮೊದಲು ಡಂಬೆಲ್ ನೀಹಾರಿಕೆಯನ್ನು ಹಿಡಿಯುವುದು ಮೇಲು. 1764ರಲ್ಲಿ ಮೆಸ್ಯೇ ಕಂಡುಹಿಡಿದ ಇದು ಅಗಲದಲ್ಲಿ ಚಂದ್ರಬಿಂಬದ ಕಾಲುಭಾಗದಷ್ಟಿರುವುದು. ಅಭಿಜಿತ್, ಶ್ರವಣ, ಡೆನೆಬ್ ನಕ್ಷತ್ರಗಳ ತ್ರಿಕೋನದೊಳಗಿದ್ದು, ಸಂಪಿಗೆಯ ನೆತ್ತಿಗೆ ಉತ್ತರದಲ್ಲಿ ಸುಮಾರು 10 ಡಿಗ್ರಿಯಲ್ಲಿ ಹಾದುಹೋಗುವುದು. ಮಳೆಗಾಲದಲ್ಲಿ ಮೋಡದ ಕಾಟ. ಕಾರ್ತಿಕದ ತಿಳಿಸಂಜೆಗಳೇ ಪ್ರಶಸ್ತವಾದವು.

ತೊಡಕು ತೆಂಗಿನಿಂದಲೇ ಬರುವುದು. ಭೂಮಿ ತಿರುಗಿದಂತೆ ಯಂತ್ರವೂ ತಿರುಗಬೇಕಾದರೆ ಅದರ ಅಚ್ಚು ಧ್ರುವದತ್ತ ನಿಲ್ಲಬೇಕು. ಇಲ್ಲಿ ಧ್ರುವನಾದರೋ ದಿಗಂತದ ಮೇಲೆ 13 ಡಿಗ್ರಿಯಷ್ಟೇ, ಗರಿಗಳ ಮರೆಯಲ್ಲಿ. ಮರವನ್ನು ಕಡಿಯಿರೆಂದು ಈ ಸೀಮೆಯಲ್ಲಿ ಹೇಳುವ ಧೈರ್ಯ ನಮಗಿಲ್ಲ! ಕಂಡಷ್ಟು ಆಕಾಶದ ಚಿತ್ರವನ್ನು ತೆಗೆದರೆ ಅಚ್ಚು ಎಷ್ಟು ಓರೆಯಾಗಿದೆಯೆಂದು ಇಂದಿನ ಕಂಪ್ಯೂಟರು ಲೆಕ್ಕಹಾಕಿ ಹೇಳುವುದು. ಬಳಿಕ ಎರಡೆರಡು ನಿಮಿಷದ ನೂರು ಚಿತ್ರಗಳನ್ನು ತೆಗೆದು ಒಂದರಮೇಲೊಂದು ಕೂಡಿಸಿದರೆ, ನೀಹಾರಿಕೆಯು ಒಂದೇ ಚಿತ್ರದಲ್ಲಿರುವುದಕ್ಕಿಂತ ಹತ್ತುಪಟ್ಟು ನಿಚ್ಚಳವಾಗುವುದು. ಮಸೂರದ ಮೇಲೆ ಇಬ್ಬನಿ ಕೂರದಂತೆ ಎಚ್ಚರವಿರಲಿ.

ಇಷ್ಟೆಲ್ಲ ಸಾಧನವಿದ್ದರೂ ಕತ್ತಲಿಲ್ಲದೆ ಫಲವಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಕತ್ತಲನ್ನು ಅರಸಿಯೇ ಕಾವಲೂರಿಗೂ ಲಡಾಖಿನ ಹಾನ್ಲೆಗೂ ಹೋಯಿತು. ಹಾನ್ಲೆಯ ಇರುಳನ್ನು 2022ರಲ್ಲಿ ಶಾಸನಬದ್ಧವಾಗಿ ಕಾಯ್ದಿರಿಸಿದರು. ನಮ್ಮ ಹಳ್ಳಿಗಳಾದರೋ ಇರುವ ಇರುಳನ್ನೇ ಕಳೆದುಕೊಳ್ಳುತ್ತಿರುವುವು. ಹಳೆಯ ಸೋಡಿಯಂ ದೀಪದ ಹಳದಿ ಬೆಳಕನ್ನು ಬಣ್ಣದ ಗಾಜಿನಿಂದ ಬಹುಮಟ್ಟಿಗೆ ತಡೆಯಬಹುದಿತ್ತು. ಬಿಳಿಯ ಎಲ್‌ಇಡಿ ದೀಪವು ಆಮ್ಲಜನಕದ ಹಸುರನ್ನೂ ಒಳಗೊಂಡು ಎಲ್ಲ ಬಣ್ಣಗಳನ್ನೂ ಸೂಸುವುದರಿಂದ ಅದನ್ನು ಪೂರ್ತಿ ಸೋಸಲಾಗದು.

ಹಾವು ಚೇಳುಗಳ ನಾಡಿನಲ್ಲಿ ಬೀದಿದೀಪವೇ ಬೇಡವೆನ್ನುವಷ್ಟು ಅವಿವೇಕಿಗಳು ನಾವಲ್ಲ. ದಾರಿಗೆ ಬೀಳಬೇಕಾದ ಬೆಳಕು ಆಕಾಶಕ್ಕೆ ಹಾರಿದರೆ, ಆ ವಿದ್ಯುತ್ತಿನ ಹಣವನ್ನು ತೆರುವವರು ಗ್ರಾಮಸ್ಥರೇ ಅಲ್ಲವೆ? ಮುಂದಿನ ಸಲ ದೀಪಗಳನ್ನು ಕೊಳ್ಳುವಾಗ, ಮೇಲೆ ಮರೆಯಿರುವ, ಹಳದಿ ಛಾಯೆಯ ದೀಪಗಳನ್ನೇ ಗೊತ್ತುಮಾಡಬೇಕೆಂದು ಈ ಸೀಮೆಯ ಗ್ರಾಮಪಂಚಾಯಿತಿಗಳ ಸದಸ್ಯರನ್ನು ನಾವು ಕೇಳಿಕೊಳ್ಳುವೆವು.