ನೂರು ಮೈಲಿಯ ಹುಡುಗನನ್ನು ತೂಗಿ ನೋಡುವುದು ಹೇಗೆ?

ಅಮೆರಿಕದ ಯಾವುದೋ ಹೈಸ್ಕೂಲಿನ ಹುಡುಗ ಗಂಟೆಗೆ 95 ಮೈಲಿ, ಅಂದರೆ ಸುಮಾರು 153 ಕಿಲೋಮೀಟರ್ ವೇಗದಲ್ಲಿ ಚೆಂಡೆಸೆಯುತ್ತಾನೆಂಬ ಸುದ್ದಿ ಹಬ್ಬಿತೆನ್ನಿ. ಮುಂದಿನ ಪಂದ್ಯದ ಹೊತ್ತಿಗೆ, ಬ್ಯಾಟರ್ ನಿಲ್ಲುವ ಹೋಂ ಪ್ಲೇಟ್ ಹಿಂದಿನ ಜಾಲರಿಯ ಬಳಿ ಸ್ಕೌಟ್‌ಗಳ ಸಾಲು ಕುಳಿತಿರುತ್ತದೆ. ಬೇಸ್‌ಬಾಲ್ ಕ್ಲಬ್‌ಗಳಿಗಾಗಿ ಊರೂರು ಅಲೆದು ಹೊಸ ಆಟಗಾರರನ್ನು ಹುಡುಕುವವರು ಇವರು. ಹುಡುಗನ ತೋಳು ಮೇಲೇಳುತ್ತಲೇ ವೇಗ ಅಳೆಯುವ ರೇಡಾರ್ ಗನ್‌ಗಳೂ ಏಳುತ್ತವೆ. ಆದರೆ ಗನ್ ತೋರಿಸುವ ಅಂಕಿಯನ್ನು ಓದಲು ಸ್ಕೌಟೇ ಬೇಕಿಲ್ಲ. ಅದು ಹುಡುಗನ ಅಪ್ಪನಿಗೂ ಬಾಯಿಪಾಠ.

ಸ್ಕೌಟ್‌ಗೆ ಬೇಕಾದದ್ದು ಬೇರೆ. ಆ 95 ಅಪರೂಪಕ್ಕೊಮ್ಮೆ ಬಂದದ್ದೋ, ಎಸೆತ ಎಸೆತಕ್ಕೂ ಬರುವುದೋ? ಐದನೇ ಇನಿಂಗ್ಸ್ ಹೊತ್ತಿಗೆ 90ಕ್ಕೆ ಇಳಿಯಿತೋ? ಇಳಿಯದಿದ್ದರೆ ಪಂದ್ಯ ಆರಂಭಿಸುವ ಸ್ಟಾರ್ಟರ್ ಆಗಬಹುದು. ಇಳಿದರೆ ಕೊನೆಗೆ ಒಂದೆರಡು ಇನಿಂಗ್ಸ್‌ಗಷ್ಟೇ ಬರುವ ರಿಲೀವರ್.

ವರದಿಯಲ್ಲಿ ಅಂಕ ಕೊಡುವುದು 20ರಿಂದ 80ರ ಅಳತೆಯಲ್ಲಿ. ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನ ಸಾಧಾರಣ ಆಟಗಾರನ ಮಟ್ಟ 50. ಒಂದೊಂದು ಬಗೆಯ ಎಸೆತಕ್ಕೂ ಎರಡೆರಡು ಅಂಕ: ಇವತ್ತಿನದು, ಮುಂದೆ ಆಗಬಹುದಾದದ್ದು. ಫಾಸ್ಟ್‌ಬಾಲ್‌ಗೆ ಇವತ್ತೇ 70 ಬರೆದ ಸ್ಕೌಟ್, ಚೇಂಜಪ್‌ಗೆ ಇವತ್ತು 30, ಮುಂದೆ 50 ಎಂದು ಬರೆಯಬಹುದು. ಆ ಇಪ್ಪತ್ತರ ಅಂತರವೇ ಅವನ ಜೂಜು.

ಚೇಂಜಪ್ ಎಂದರೆ ಫಾಸ್ಟ್‌ಬಾಲ್‌ನಂತೆಯೇ ತೋಳು ಬೀಸಿ, ಎಂಟು ಹತ್ತು ಮೈಲಿ ನಿಧಾನವಾಗಿ ಬಿಡುವ ಚೆಂಡು. ಚೆಂಡೆಸೆಯುವ ಪಿಚರ್ ನಿಲ್ಲುವ ಜಾಗದಿಂದ ಪ್ಲೇಟ್‌ಗೆ 18.44 ಮೀಟರ್. ನೂರು ಮೈಲಿಯ ಚೆಂಡು ಅದನ್ನು ದಾಟಲು ಸುಮಾರು 0.4 ಸೆಕೆಂಡ್ ಸಾಕು. ಆದರೂ ಬರುವುದೆಲ್ಲ ಒಂದೇ ವೇಗವಾದರೆ ವೃತ್ತಿಪರ ಬ್ಯಾಟರ್ ಲಯ ಹಿಡಿದುಬಿಡುತ್ತಾನೆ. ತಮಾಷೆಯೆಂದರೆ, ಹೈಸ್ಕೂಲಿನಲ್ಲಿ ಈ ಹುಡುಗನಿಗೆ ಚೇಂಜಪ್‌ನ ಗರಜೇ ಬಿದ್ದಿರುವುದಿಲ್ಲ. ಫಾಸ್ಟ್‌ಬಾಲ್ ಮುಟ್ಟಲಾಗದ ಬ್ಯಾಟರ್‌ಗೆ ನಿಧಾನದ ಚೆಂಡು ಹಾಕುವುದು ಉಪಕಾರ ಮಾಡಿದಂತೆ! ಹಾಗಾಗಿ ಅನೇಕ ಸ್ಕೌಟ್‌ಗಳು ಪಂದ್ಯಕ್ಕೆ ಮುಂಚೆಯೇ ಬಂದು ತಾಲೀಮಿನಲ್ಲಿ ಅದನ್ನು ನೋಡಿಕೊಳ್ಳುತ್ತಾರೆ. ಕಣ್ಣು ಚೆಂಡಿನ ಮೇಲಲ್ಲ, ತೋಳಿನ ಮೇಲೆ. ನಿಧಾನದ ಚೆಂಡಿಗೆ ತೋಳೂ ನಿಧಾನವಾದರೆ ಗುಟ್ಟು ರಟ್ಟಾದಂತೆ.

ಎಲ್ಲಕ್ಕಿಂತ ಕಷ್ಟದ್ದು ಚೆಂಡಿನ ಮೇಲಿನ ಹಿಡಿತವನ್ನು ಅಂದಾಜು ಮಾಡುವುದು. ನಾಲ್ಕು ಚೆಂಡು ಪ್ಲೇಟ್ ಮೇಲಿನ ಸ್ಟ್ರೈಕ್ ವಲಯದ ಹೊರಗೆ ಬಿದ್ದು ಬ್ಯಾಟರ್ ಬೀಸದಿದ್ದರೆ, ಅವನಿಗೆ ಮೊದಲ ಬೇಸ್ ಪುಕ್ಕಟೆ; ಅದೇ ವಾಕ್. ಬಾಲ್ಟಿಮೋರ್ ಓರಿಯೋಲ್ಸ್ 1957ರಲ್ಲಿ ಸೇರಿಸಿಕೊಂಡ ಸ್ಟೀವ್ ಡಾಲ್ಕೋವ್‌ಸ್ಕಿಯ ವೇಗದ ಕತೆಗಳನ್ನು ಇಂದಿಗೂ ಹೇಳುತ್ತಾರೆ. 1960ರಲ್ಲಿ ಕೆಳಹಂತದ ಮೈನರ್ ಲೀಗ್‌ನ ಸ್ಟಾಕ್‌ಟನ್ ತಂಡಕ್ಕೆ 170 ಇನಿಂಗ್ಸ್ ಆಡಿ 262 ಮಂದಿಯನ್ನು ಸ್ಟ್ರೈಕೌಟ್, ಅಂದರೆ ಮೂರು ಸ್ಟ್ರೈಕ್‌ಗೆ ಔಟ್, ಮಾಡಿದ. ಕೊಟ್ಟ ವಾಕ್‌ಗಳೂ ಸರಿಯಾಗಿ 262. 1962ರಲ್ಲಿ ಎಲ್ಮೈರಾ ತಂಡದಲ್ಲಿ ಮ್ಯಾನೇಜರ್ ಅರ್ಲ್ ವೀವರ್ ಕೈಕೆಳಗೆ ಹಿಡಿತ ಬರತೊಡಗಿತು. ಮರುವರ್ಷದ ವಸಂತದ ತಾಲೀಮಿನಲ್ಲಿ ಮೊಣಕೈ ಕೈಕೊಟ್ಟಿತು. ಮೇಜರ್ ಲೀಗ್‌ನಲ್ಲಿ ಅವನು ಒಂದು ಚೆಂಡನ್ನೂ ಎಸೆಯಲಿಲ್ಲ.

ಹಾಗಂತ ವಾಕ್ ಎಣಿಸಿ ಹುಡುಗನನ್ನು ಕೈಬಿಡುವಂತೆಯೂ ಇಲ್ಲ. ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, 1965ರಲ್ಲಿ, 295ನೆಯವನಾಗಿ ಆಯ್ಕೆಯಾದ ನೋಲನ್ ರಯನ್ ವೃತ್ತಿಜೀವನದಲ್ಲಿ 2,795 ವಾಕ್ ಕೊಟ್ಟ. ಅದು ದಾಖಲೆ. 5,714 ಸ್ಟ್ರೈಕೌಟ್‌ಗಳೂ ದಾಖಲೆಯೇ.

ಭಾರತದ ನೆಲದಲ್ಲೂ ಇಂಥದೊಂದು ಹುಡುಕಾಟ ನಡೆದಿತ್ತು. 'ಮಿಲಿಯನ್ ಡಾಲರ್ ಆರ್ಮ್' ಸ್ಪರ್ಧೆಯಿಂದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅಮೆರಿಕಕ್ಕೆ ಹೋಗಿ, 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದರು. ಇಬ್ಬರೂ ಕ್ರಿಕೆಟಿಗರಲ್ಲ, ಜಾವೆಲಿನ್ ಎಸೆಯುವವರು. ಮೈನರ್ ಲೀಗ್ ದಾಟಲಾಗಲಿಲ್ಲ.

ಈಗ ಚೆಂಡಿನ ತಿರುಗುವಿಕೆ, ಕೈಯಿಂದ ಬಿಟ್ಟ ಜಾಗ ಎಲ್ಲವನ್ನೂ ಯಂತ್ರಗಳೇ ಅಳೆಯುತ್ತವೆ. ಆದರೂ ಸ್ಕೌಟ್ ಜಾಲರಿಯ ಹಿಂದೆ ಕೂರುತ್ತಾನೆ. ಸಾಲಾಗಿ ಎರಡು ವಾಕ್ ಕೊಟ್ಟ ಮೇಲೆ ತನ್ನವರೇ ಒಬ್ಬರು ಸುಲಭದ ಚೆಂಡು ಬಿಟ್ಟಾಗ ಹುಡುಗ ಏನು ಮಾಡುತ್ತಾನೆ, ಉಸಿರು ಬಿಟ್ಟು ನಿಲ್ಲುತ್ತಾನೋ, ಇನ್ನೂ ಜೋರಾಗಿ ಎಸೆಯಲು ಹೋಗುತ್ತಾನೋ ಎಂದು ನೋಡುತ್ತಾನೆ. ಆಗ ಅವನ ಗನ್ ಮಡಿಲಲ್ಲಿರುತ್ತದೆ.